ಪಕ್ಕದ ಬಾಗಿಲಿನವನು

ಓಹೈಯೊ
ಫೆಬ್ರುವರಿ 11, 1940

ಪ್ರೀತಿಯ ಅಪ್ಪ,

ಕ್ಷೇಮಸಮಾಚಾರ ಆಮೇಲೆ, ಮೊದಲು ಪ್ರಶ್ನೆ. ಪತ್ರಿಕೆಯಲ್ಲಿ ಬಂದಿರೋದು ನಿಜವಾ? ಮಿಸ್ ಯೂಲಾ ಪೆಟಿಫರ್ಡ್ ಹಾಡೋದಕ್ಕೆ ಎಲ್ಡರ್ಟನ್ ಹಾಲ್ ಕೊಡಲ್ಲ ಅಂದರಂತಲ್ಲ? ಯೂರೋಪಿನಲ್ಲಿ ಜನ ಗಂಟೆಗಟ್ಟಲೆ ಸಾಲು ನಿಂತು ಕೇಳಿದ ಕಂಠ ಬಾಲ್ಟಿಮೋರಿನ ನಾಲ್ಕು ಹಲಗೆಗೆ ಮೈಲಿಗೆ ಆಗಿಬಿಡುತ್ತಾ?

ಇಲ್ಲಿ ಕಾಲೇಜಿನಲ್ಲಿ ನನ್ನ ರೂಮಿನ ರುತ್, ಗೊತ್ತಲ್ಲ, ಬಿಳಿ ಹುಡುಗಿ, ರೈತರ ಮನೆಯವಳು, ಬೆಳಗಿನ ತಿಂಡಿ ಹೊತ್ತಲ್ಲಿ ಸುದ್ದಿಯನ್ನು ಗಟ್ಟಿಯಾಗಿ ಓದಿದಳು. ಓದಿ, "ನಿಮ್ಮೂರೇ ಅಲ್ವೇನೇ? ಆ ಹಾಲ್ ನಿನಗೆ ಗೊತ್ತಾ?" ಅಂದಳು. ಗೊತ್ತು ಅಂದೆ. ನಮ್ಮಪ್ಪ ಅದರ ಬಾಗಿಲಲ್ಲಿ ನಿಲ್ಲುತ್ತಾನೆ ಅನ್ನಲಿಲ್ಲ. ಅದೂ ಮುಂಬಾಗಿಲಲ್ಲ, ಓಣಿಯ ಪಕ್ಕದ ಬಾಗಿಲು, ನಮ್ಮಂಥ ಕರಿಯರನ್ನು ಮೇಲಿನ ಅಟ್ಟಕ್ಕೆ ಹತ್ತಿಸುವ ಬಾಗಿಲು. ಬಾಯಿಗೆ ಬರಲೇ ಇಲ್ಲ ಅಪ್ಪ.

ಇಷ್ಟೆಲ್ಲ ಆದಮೇಲೂ ನೀನು ಸಂಜೆ ಅದೇ ಕೋಟು ಹಾಕಿಕೊಂಡು ಅಲ್ಲಿಗೆ ಹೋಗ್ತಿದ್ದೀಯಾ?

ನಿನ್ನ ಮಗಳು,
ಒಡೆಸ್ಸಾ


ಬಾಲ್ಟಿಮೋರ್
ಫೆಬ್ರುವರಿ 20, 1940

ಪ್ರೀತಿಯ ಡೆಸ್ಸಿ,

ಹೌದು, ಹೋಗ್ತಿದ್ದೇನೆ. ಅದೇ ಕೋಟು. ಗುಂಡಿ ಒಂದು ಬಿದ್ದಿತ್ತು, ಪಕ್ಕದ ಮನೆ ಮಿಸ್ ಹ್ಯಾಟಿ ಹಾಕಿಕೊಟ್ಟಳು.

ನೀನು ಓದಿದ್ದು ನಿಜ. ಹಾಲ್‌ನವರಿಗೆ ಆಯಮ್ಮನ ಹಾಡು ಬೇಡ ಅಂತಲ್ಲವಂತೆ. ಆಯಮ್ಮ ಒಂದು ಷರತ್ತು ಹಾಕಿದಳು: ನಾನು ಹಾಡುವ ಕಡೆ ನಮ್ಮವರು ಎಲ್ಲಿ ಬೇಕೋ ಅಲ್ಲಿ ಕೂರಬೇಕು. ಅದು ಕೇಳಿ ಹಾಲ್‌ನ ದೊಡ್ಡವರ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯ್ತು. ಆ ದಿನ ಹಾಲ್ ಖಾಲಿ ಇಲ್ಲ ಅಂದುಬಿಟ್ಟರು. ಖಾಲಿ ಇದೆಯೋ ಇಲ್ಲವೋ ನನಗೆ ಗೊತ್ತಿಲ್ವಾ? ಅವತ್ತು ಅಲ್ಲಿ ಇಲಿಗಳದ್ದು ಬಿಟ್ಟರೆ ಯಾರ ಕಛೇರಿಯೂ ಇಲ್ಲ.

ಆದರೆ ಮಗಳೇ, ಆ ಬಾಗಿಲನ್ನು ಅಷ್ಟು ಹಗುರ ಮಾಡಬೇಡ. ಇಪ್ಪತ್ತೆರಡು ವರ್ಷ ನಾನು ಅಲ್ಲಿ ಮಾಡಿದ್ದೇನು ಹೇಳ್ತೀನಿ ಕೇಳು. ನಮ್ಮವರು ಚೆಂದ ಮಾಡಿಕೊಂಡು ಬರ್ತಾರೆ. ಹೊಸಬರು ಗೊತ್ತಿಲ್ಲದೆ ಮುಂಬಾಗಿಲ ಕಡೆ ನಡೀತಾರೆ. ಅಲ್ಲಿ ನಿಂತ ಹುಡುಗರು ಹೆಂಡತಿ ಮಕ್ಕಳ ಎದುರೇ ಗಂಡಸನ್ನು ಏನಂತ ಕರೀತಾರೆ ಅಂತ ನಾನು ಈ ಕಾಗದದಲ್ಲಿ ಬರೆಯಲ್ಲ. ಅದಕ್ಕೆ ಅವರು ಬೀದಿ ದಾಟುವಾಗಲೇ ನಾನು ಗುರುತು ಹಿಡೀತೀನಿ. ಓಡಿಹೋಗಿ, ಟೋಪಿ ತೆಗೆದು, "ಈ ಕಡೆ ಬನ್ನಿ ಮೇಡಂ, ಮೆಟ್ಟಿಲು ಹುಷಾರು" ಅಂತೀನಿ. ಬೀಳಬೇಕಾದ ಬೈಗುಳ ಬೀಳಲ್ಲ. ಇದು ಸಣ್ಣ ಕೆಲಸ, ಒಪ್ಪಿದೆ. ಆದರೆ ಮಾಡೋರು ಬೇಕಲ್ಲ.

ನಿನ್ನಮ್ಮ ಹೋದಮೇಲೆ ಆರು ವರ್ಷದ ನಿನ್ನನ್ನು ಎಲ್ಲಿ ಬಿಡಲಿ ಅಂತ ಆ ಮೆಟ್ಟಿಲ ತುದೀಲೇ ಕೂರಿಸಿಕೊಳ್ಳುತ್ತಿದ್ದೆ. ನೀನು ಹಾಡು ಕೇಳಿದ್ದು ಅಲ್ಲಿ, ಕಲಿಯಬೇಕು ಅಂತ ಹಟ ಹಿಡಿದದ್ದು ಅಲ್ಲಿ. ಮಿಕ್ಕಿದ್ದು ನೀನೇ ಯೋಚನೆ ಮಾಡು.

ಬಿಸಿನೀರಲ್ಲಿ ಉಪ್ಪು ಹಾಕಿ ಗಂಟಲು ಮುಕ್ಕಳಿಸ್ತಿದ್ದೀಯಾ? ಅಲ್ಲಿ ಚಳಿ ಜಾಸ್ತಿ.

ನಿನ್ನ ಅಪ್ಪ,
ಹೋಶೇಯ


ಓಹೈಯೊ
ಮಾರ್ಚ್ 3, 1940

ಅಪ್ಪ,

ಯೋಚನೆ ಮಾಡಿದೆ. ಬೈಗುಳ ಬೀಳದ ಹಾಗೆ ನೀನು ನೋಡಿಕೊಂಡೆ, ಸರಿ. ನೀನು ಅಷ್ಟು ಚೆನ್ನಾಗಿ ನೋಡಿಕೊಂಡದ್ದರಿಂದಲೇ ಇಪ್ಪತ್ತೆರಡು ವರ್ಷ ಯಾರಿಗೂ ಸಿಟ್ಟು ಬರಲಿಲ್ಲ. ಹಾಲ್‌ನವರು ನಿನ್ನನ್ನು ಇಟ್ಟುಕೊಂಡಿರೋದು ಅದಕ್ಕೇ. ನೀನು ಒಳ್ಳೆಯವನು ಅನ್ನೋದೇ ಅವರ ಲಾಭ.

ಇಲ್ಲಿ ವಿದ್ಯಾರ್ಥಿ ನ್ಯಾಯ ಸಂಘದವರು ಹಾಲ್ ವಿರುದ್ಧ ಸಹಿ ಸಂಗ್ರಹ ಮಾಡುತ್ತಿದ್ದಾರೆ. ಎಲ್ಲರೂ ಮಾಡಿದರು. ನನ್ನ ಸರದಿ ಬಂದಾಗ ಪೆನ್ನು ಪಕ್ಕಕ್ಕಿಟ್ಟೆ. ಅವರ ಸಂಬಳ ತಿಂದು ಬೆಳೆದವಳು ಅವರ ವಿರುದ್ಧ ಹೆಸರು ಹಾಕೋದು ಹ್ಯಾಗೆ? ಆದರೂ ಹಾಕಿದೆ.

ಈಗ ನಿನ್ನ ಸರದಿ. ಇದಕ್ಕಿಂತ ಹೆಚ್ಚು ಬರೆಯಲಾರೆ, ಅಳು ಬರುತ್ತೆ.

ಒಡೆಸ್ಸಾ


ಬಾಲ್ಟಿಮೋರ್
ಮಾರ್ಚ್ 28, 1940

ಪ್ರೀತಿಯ ಡೆಸ್ಸಿ,

ಬಿಟ್ಟೆ.

ನಿನ್ನ ಕಾಗದ ಎರಡು ವಾರ ಜೇಬಲ್ಲಿತ್ತು. ಮೊದಲು ಸಿಟ್ಟು ಬಂತು, ನಿಜ ಹೇಳ್ತೀನಿ. ಎದೆ ಮಟ್ಟಕ್ಕೆ ಬೆಳೆದಮೇಲೆ ಅಪ್ಪನಿಗೇ ಪಾಠ ಹೇಳ್ತಾಳೆ ಅಂದುಕೊಂಡೆ. ಮಿಸ್ ಹ್ಯಾಟಿಗೆ ಓದಿ ತೋರಿಸಿದೆ. ಅವಳು ಮನೆ ಮುಂದಿನ ಕಲ್ಲುಮೆಟ್ಟಿಲು ತಿಕ್ಕುತ್ತಿದ್ದವಳು ಬ್ರಷ್ ಕೆಳಗಿಡದೆ, "ಹುಡುಗಿ ಸರಿಯಾಗಿ ಕೊಟ್ಟಿದ್ದಾಳೆ ನಿಂಗೆ" ಅಂದಳು.

ಹೋದ ವಾರ ಮ್ಯಾನೇಜರ್ ಹತ್ತಿರ ಹೋದೆ. "ಸ್ವಾಮಿ, ನಾಳೆಯಿಂದ ಬರಲ್ಲ" ಅಂದೆ. ಆತ, "ಏನೋ ಹೋಶೇಯ, ಮೈ ಸರಿ ಇಲ್ವೇನೋ?" ಅಂದ. ಮೈ ಸರಿ ಇದೆ ಅಂದೆ. "ಮತ್ತೆ ಯಾರಾದರೂ ತಲೆ ಕೆಡಿಸಿದರಾ?" ಅಂದ. "ಹೌದು ಸ್ವಾಮಿ, ನನ್ನ ಮಗಳು" ಅಂದೆ. ನಾನು ಕೋಟು ಮಡಚಿ ಮೇಜಿನ ಮೇಲಿಟ್ಟು ಮುಂಬಾಗಿಲಿನಿಂದಲೇ ಹೊರಗೆ ಬಂದೆ ಕಣೇ. ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ಸಲ. ಆ ಬಾಗಿಲು ನೋಡೋಕೆ ದೊಡ್ಡದು, ತಳ್ಳಿದರೆ ಎಷ್ಟು ಹಗುರ ಗೊತ್ತಾ!

ಸುದ್ದಿ ಚರ್ಚಿಗೆ ಮುಟ್ಟಿತು. ಪಾದ್ರಿ ಡಾರ್ಸಿ ಭಾನುವಾರ ನನ್ನನ್ನು ಎಬ್ಬಿಸಿ ನಿಲ್ಲಿಸಿ ಎಲ್ಲರ ಎದುರು ಹೆಸರು ಹೇಳಿದರು. ಮಿಸ್ ಪೆಟಿಫರ್ಡ್ ಊರ ದೊಡ್ಡ ಪಾರ್ಕಿನಲ್ಲಿ ಬಯಲಲ್ಲೇ ಹಾಡ್ತಾಳಂತೆ, ಮೇ ಐದು, ಭಾನುವಾರ. ಬಿಟ್ಟಿ ಪ್ರವೇಶ. ಹಗ್ಗ ಇಲ್ಲ, ಬೇಲಿ ಇಲ್ಲ, ಯಾರು ಬೇಕಾದರೂ ಎಲ್ಲಿ ಬೇಕಾದರೂ ಕೂರಬಹುದು. ಡಾಕ್ಟರ ಹೆಂಡತಿ ಶ್ರೀಮತಿ ಬೋರ್ಡ್ಲಿ ಅದನ್ನು ನಡೆಸುವ ಸಮಿತಿಯ ಯಜಮಾನಿ. ಆಯಮ್ಮ ಇದುವರೆಗೆ ನನ್ನ ಕಡೆ ತಲೆ ಆಡಿಸಿದವಳೂ ಅಲ್ಲ. ಈಗ ಬಂದು ಕೈ ಹಿಡಿದು, "ಬ್ರದರ್ ಟಿಲ್‌ಮನ್, ಜನರನ್ನು ಕೂರಿಸುವವರಿಗೆಲ್ಲ ನೀವೇ ಮುಖ್ಯಸ್ಥರಾಗಬೇಕು" ಅಂದಳು. ಚರ್ಚಿನ ಬಾಗಿಲ ಸೇವೆಗೆ ನಾನು ಹಾಕಿಕೊಳ್ಳುವ ಬಿಳಿ ಕೈಗವಸು ಅವತ್ತಿಗೂ ಹಾಕಿಕೊಳ್ಳಬೇಕಂತೆ.

ಹೊಸ ಕೋಟು ಕೊಂಡೆ. ಆ ಅಂಗಡಿ ಗೊತ್ತಲ್ಲ, ನಮ್ಮವರು ತೊಟ್ಟು ನೋಡೋ ಹಾಗಿಲ್ಲ, ಒಯ್ದಮೇಲೆ ವಾಪಸಿಲ್ಲ. ಕಣ್ಣಳತೆಯಲ್ಲಿ ತಂದೆ. ತೋಳು ಎರಡು ಬೆರಳು ಗಿಡ್ಡ! ಮಿಸ್ ಹ್ಯಾಟಿ ನೋಡಿ ಬಿದ್ದು ಬಿದ್ದು ನಕ್ಕಳು.

ನಿನ್ನ ಅಪ್ಪ,
ಹೋಶೇಯ


ಓಹೈಯೊ
ಏಪ್ರಿಲ್ 14, 1940

ನನ್ನ ಅಪ್ಪ, ನನ್ನ ಬಂಗಾರದ ಅಪ್ಪ,

ನಿನ್ನ ಕಾಗದವನ್ನು ಹತ್ತು ಸಲ ಓದಿದೆ. ಹನ್ನೊಂದನೇ ಸಲ ರುತ್‌ಗೆ ಓದಿ ಹೇಳಿದೆ. ಈಗ ಮುಚ್ಚಿಡೋದು ಏನಿದೆ? ಪಕ್ಕದ ಬಾಗಿಲು, ಇಪ್ಪತ್ತೆರಡು ವರ್ಷ, ಎಲ್ಲ ಹೇಳಿದೆ. ಅವಳು ಅತ್ತಳು. ಸಂಘದ ಸಭೆಯಲ್ಲಿ ನನ್ನನ್ನು ಮಾತಾಡು ಅಂತ ಎಬ್ಬಿಸಿದರು. ಎದ್ದು ನಿಂತು ಹೇಳಿದೆ: "ನಮ್ಮಪ್ಪ ಹೋಶೇಯ ಟಿಲ್‌ಮನ್. ಎಲ್ಡರ್ಟನ್ ಹಾಲ್‌ನ ಕೆಲಸ ಬಿಸಾಕಿ ಮುಂಬಾಗಿಲಿನಿಂದ ಹೊರಗೆ ಬಂದವನು." ಇಡೀ ಸಭೆ ಎದ್ದು ನಿಂತಿತು ಅಪ್ಪ. ನಿನಗೋಸ್ಕರ ಬಿಳಿಯರ ಮಕ್ಕಳು ಎದ್ದು ನಿಂತರು. ಪ್ರೊಫೆಸರ್ ಒಬ್ಬರು ಬಂದು ನನ್ನ ಕೈ ಕುಲುಕಿದರು. ಇಷ್ಟು ದಿನ ಅವರಿಗೆ ನನ್ನ ಹೆಸರೇ ನೆನಪಿರುತ್ತಿರಲಿಲ್ಲ.

ಕೋಟಿನ ಕಥೆಯನ್ನೂ ಹೇಳಿದೆ, ಬೇಜಾರು ಮಾಡ್ಕೋಬೇಡ. ಈಗ ರುತ್ ನನ್ನನ್ನು ಕಂಡಾಗಲೆಲ್ಲ "ಎರಡು ಬೆರಳು" ಅಂತ ತೋರಿಸಿ ನಗುತ್ತಾಳೆ.

ಪರೀಕ್ಷೆ ಇಲ್ಲದಿದ್ದರೆ ಓಡಿ ಬರುತ್ತಿದ್ದೆ. ಎಲ್ಲ ಬರಿ, ಒಂದೂ ಬಿಡಬೇಡ.

ನಿನ್ನ ಡೆಸ್ಸಿ


ಬಾಲ್ಟಿಮೋರ್
ಮೇ 6, 1940

ಪ್ರೀತಿಯ ಡೆಸ್ಸಿ,

ಆಯ್ತು ಕಣೇ, ಆಗೇಹೋಯ್ತು! ಕಾಲು ಬಾತುಕೊಂಡಿದೆ, ಬಿಸಿನೀರಲ್ಲಿಟ್ಟುಕೊಂಡು ಬರೀತಿದ್ದೀನಿ.

ಎಷ್ಟು ಜನ ಅಂತ ಕೇಳಬೇಡ. ಒಂದು ಪತ್ರಿಕೆ ಐವತ್ತು ಸಾವಿರ ಅನ್ನುತ್ತೆ, ಇನ್ನೊಂದು ಎಂಬತ್ತು ಅನ್ನುತ್ತೆ. ಹಾಲ್‌ನವರನ್ನು ಕೇಳಿದರೆ ನಾಲ್ಕು ಜನ ಅಂತಾರೆ. ಹಡಗಿನಿಂದ, ರೈಲಿನಿಂದ, ಲಾರಿಗಳಲ್ಲಿ ಬಂದರು. ಬೆತ್ತದ ಬುಟ್ಟೀಲಿ ಕರಿದ ಕೋಳಿ ಕಟ್ಟಿಕೊಂಡು, ಅಜ್ಜಿಯರನ್ನು ಕುರ್ಚಿ ಸಮೇತ ಹೊತ್ತುಕೊಂಡು ಬಂದರು. ಬಿಳಿಯರೂ ಬಂದರು, ನಾನು ಅಂದುಕೊಂಡದ್ದಕ್ಕಿಂತ ಹೆಚ್ಚು. ವೇದಿಕೆ ಮುಂದೆ ಸಾವಿರ ಕುರ್ಚಿ. ಮೊದಲು ಬಂದವರಿಗೆ ಮೊದಲು. ನಮ್ಮ ಕೂರಿಸುವವರು ಮೂವತ್ತು ಜನ, ಎಲ್ಲರಿಗೂ ಬಿಳಿ ಕೈಗವಸು. ಒಂದು ತಳ್ಳಾಟ ಇಲ್ಲ, ಒಂದು ಜಗಳ ಇಲ್ಲ. ಪೊಲೀಸಿನವನೇ ಬಂದು, "ಏನಯ್ಯಾ, ಇಷ್ಟು ಸಲೀಸಾಗಿ ಹೇಗೆ ಕೂರಿಸಿದೆ?" ಅಂದ. "ಅಭ್ಯಾಸ ಸ್ವಾಮಿ" ಅಂದೆ.

ಹಾಡಿನ ವಿಷಯ ನಾನೇನು ಬರೆಯಲಿ, ನೀನು ಕಲಿತವಳು. ಆಯಮ್ಮ ಸುಮ್ಮನೆ ಬಂದು ನಿಂತಳು. ಬೈಯಲಿಲ್ಲ, ಭಾಷಣ ಮಾಡಲಿಲ್ಲ. ಬಾಯಿ ತೆರೆದಳು ಅಷ್ಟೆ. ನನ್ನ ಪಕ್ಕ ನಿಂತಿದ್ದ ಹಡಗುಕಟ್ಟೆಯ ಕೂಲಿಯವನು ಟೋಪಿಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಮೂರನೆಯ ಹಾಡಿನಲ್ಲಿ ನನಗೆ ನಿನ್ನ ನೆನಪಾಗಿ ಎದೆ ಹಿಡಿದ ಹಾಗಾಯ್ತು. ಮುಂದೊಂದು ದಿನ ಅಲ್ಲಿ ನೀನು ನಿಂತಿರ್ತೀಯ.

ಮುಗಿದಮೇಲೆ ಪಾದ್ರಿಗಳು ನನ್ನನ್ನು ಅಪ್ಪಿಕೊಂಡರು. ಯಾವನೋ ಫೋಟೋದವನು ನನ್ನ ಕಡೆಗೂ ನಾಲ್ಕು ಸಲ ಬೆಳಕು ಹೊಡೆದ. ಪತ್ರಿಕೆಯಲ್ಲಿ ಬಂದರೆ ಕತ್ತರಿಸಿ ಕಳಿಸ್ತೀನಿ.

ನಿನ್ನ ಅಪ್ಪ,
ಹೋಶೇಯ


ಓಹೈಯೊ
ಮೇ 11, 1940

ಅಪ್ಪ,

ಪತ್ರಿಕೆ ಇಲ್ಲಿಗೂ ಬಂದಿದೆ. ನೀನು ಕತ್ತರಿಸಿ ಕಳಿಸಬೇಕಾಗಿಲ್ಲ.

ಒಬ್ಬ ಮನುಷ್ಯ. ಮುಖ ಅರ್ಧ ಮಾತ್ರ ಕಾಣುತ್ತೆ. ಬಿಳಿ ಕೈಗವಸು ಹಾಕಿದ ಕೈ ಚಾಚಿ ನಮ್ಮವರ ಒಂದು ಕುಟುಂಬವನ್ನು ಮುಂದಿನ ಕುರ್ಚಿಗಳಿಂದ ಎಬ್ಬಿಸಿ ಪಕ್ಕಕ್ಕೆ, ದೂರದ ಹುಲ್ಲಿನ ಕಡೆಗೆ ಕಳಿಸುತ್ತಿದ್ದಾನೆ. ಆ ಹುಲ್ಲಿನ ಮೇಲೆ ಬರೀ ನಮ್ಮವರು. ಕುರ್ಚಿಗಳಲ್ಲಿ ಬರೀ ಅವರು. ಕೆಳಗೆ ಹೀಗೆ ಬರೆದಿದ್ದಾರೆ: "ಬೇಲಿ ಇಲ್ಲದಿದ್ದರೂ ಇವರಿಗೆ ಇವರ ಜಾಗ ಗೊತ್ತು."

ಆ ಮನುಷ್ಯನ ತೋಳು ಎರಡು ಬೆರಳು ಗಿಡ್ಡ.

ನೀನಲ್ಲ ಅಂತ ಬರಿ. ಕೂಡಲೇ ಬರಿ.

ಒಡೆಸ್ಸಾ


ಬಾಲ್ಟಿಮೋರ್
ಮೇ 19, 1940

ಡೆಸ್ಸಿ,

ನಾನೇ.

ಮಾಡಬೇಕು ಅಂತ ಮಾಡಲಿಲ್ಲ ಅಂದರೆ ನಂಬ್ತೀಯಾ? ಇಲ್ಲಿ ಯಾರೂ ನಂಬಲಿಲ್ಲ. ಆದದ್ದು ಹೇಳ್ತೀನಿ. ರೈಲ್ವೆ ಪೋರ್ಟರ್ ಒಬ್ಬ, ಅವನ ಹೆಂಡತಿ, ದೊಡ್ಡ ಟೋಪಿಯ ಒಬ್ಬ ಅಜ್ಜಿ. ಎರಡನೇ ಸಾಲಿನಲ್ಲಿ ಕೂತರು. ಕೂತದ್ದು ಸರಿಯಾಗಿಯೇ ಇತ್ತು. ಮುಂದಿನ ಸಾಲಿನ ಬಿಳಿಯನೊಬ್ಬ ತಿರುಗಿ ನೋಡಿದ. ಏನೂ ಅನ್ನಲಿಲ್ಲ, ಬರೀ ನೋಡಿದ. ಆ ನೋಟ ನನಗೆ ಗೊತ್ತು ಮಗಳೇ, ಅದರ ಹಿಂದೆ ಏನು ಬರುತ್ತೆ ಅಂತಲೂ ಗೊತ್ತು. ಅಜ್ಜಿಯ ಮುಂದೆ ಆ ಮಾತು ಬೀಳಬಾರದು ಅನ್ನಿಸಿತು. ಅನ್ನಿಸಿತು ಅಂತಲೂ ಇಲ್ಲ, ಅಷ್ಟು ಹೊತ್ತಿಗೆ ನನ್ನ ಕೈ ಮೇಲೆದ್ದಿತ್ತು. "ಈ ಕಡೆ ಬನ್ನಿ ಮೇಡಂ, ಅಲ್ಲಿ ನೆರಳಿದೆ" ಅಂತ ಬಾಯಿ ಹೇಳಿಯಾಗಿತ್ತು. ಅವರು ಎದ್ದರು. ಯಾಕೆ ಅಂತ ಕೇಳಲಿಲ್ಲ. ಅವರಿಗೂ ಅಭ್ಯಾಸ. ಅವರ ಹಿಂದೆ ನಲವತ್ತು ಜನ, ಅವರ ಹಿಂದೆ ನೂರು. ನಾನು ಟೋಪಿ ತೆಗೆದು ತೆಗೆದು ದಾರಿ ಬಿಟ್ಟೆ. ನಾಚಿಕೆಗೇಡು, ಅವತ್ತು ನನಗೆ ಗೊತ್ತೇ ಆಗಲಿಲ್ಲ. ಚೆನ್ನಾಗಿ ಕೂರಿಸಿದೆ ಅಂತ ನಿನಗೆ ಬರೆದೆ ನೋಡು.

ಮೇಲೆ ವೇದಿಕೆಯಲ್ಲಿ ಕೂತ ಶ್ರೀಮತಿ ಬೋರ್ಡ್ಲಿಗೂ ಗೊತ್ತಾಗಲಿಲ್ಲ, ಪಾದ್ರಿಗಳಿಗೂ ಗೊತ್ತಾಗಲಿಲ್ಲ. ಎದುರಿಗೆ ಎಲ್ಲ ಕಾಣ್ತಿತ್ತು ಅವರಿಗೆ. ಈಗ ಎಲ್ಲರೂ ಆಗಲೇ ಗೊತ್ತಿದ್ದವರ ಹಾಗೆ ಮಾತಾಡ್ತಾರೆ. "ಹುಟ್ಟುಗುಣ ಸುಟ್ಟರೂ ಹೋಗಲ್ಲ" ಅಂದಳು ಶ್ರೀಮತಿ ಬೋರ್ಡ್ಲಿ, ಎಲ್ಲರ ಮುಂದೆ. ಹುಟ್ಟುಗುಣ ಅಲ್ಲಮ್ಮ, ಇದು ಕಲಿಸಿದ ಗುಣ ಅಂದೆ. ಕೇಳೋರಾರು? ಚರ್ಚಿನ ಬಾಗಿಲ ಸೇವೆಯಿಂದ ನನ್ನನ್ನು ತೆಗೆದರು. ಪಾದ್ರಿಗಳು ಕೈಗವಸು ವಾಪಸ್ ಕೇಳೋಕೆ ಒಂದು ಹುಡುಗಿಯನ್ನು ಕಳಿಸಿದರು, ತಾವು ಬರಲಿಲ್ಲ. ಕಟಿಂಗ್ ಅಂಗಡಿಯಲ್ಲಿ ನಾನು ಒಳಗೆ ಹೋದರೆ ಒಬ್ಬ ಎದ್ದು ನಿಂತು, ಕೈ ಚಾಚಿ, "ಈ ಕಡೆ ಬನ್ನಿ ಮೇಡಂ" ಅಂತಾನೆ. ಎಲ್ಲರೂ ನಗ್ತಾರೆ. ನಗಲಿ, ಮಾಡಿದ್ದುಣ್ಣೋ ಮಹಾರಾಯ.

ಅವರು ಏನು ಬೇಕಾದರೂ ಅಂದುಕೊಳ್ಳಲಿ. ನೀನು ಏನು ಅಂದುಕೊಂಡಿದ್ದೀಯ ಅಂತ ಒಂದು ಸಾಲು ಬರಿ.

ನಿನ್ನ ಅಪ್ಪ,
ಹೋಶೇಯ


ಎಲ್ಡರ್ಟನ್ ಹಾಲ್, ಆಡಳಿತ ಕಚೇರಿ
ಜೂನ್ 3, 1940

ಹೋಶೇಯ,

ನೀನು ಆತುರದಲ್ಲಿ ತೆಗೆದುಕೊಂಡ ನಿರ್ಧಾರವನ್ನು ಆಡಳಿತ ಮಂಡಳಿ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಕಳೆದ ತಿಂಗಳ ಗದ್ದಲದ ನಡುವೆಯೂ ನೀನು ಪಾರ್ಕಿನಲ್ಲಿ ತೋರಿದ ವಿವೇಕವನ್ನು ಸದಸ್ಯರೆಲ್ಲರೂ ಪತ್ರಿಕೆಯಲ್ಲಿ ನೋಡಿ ಮೆಚ್ಚಿದ್ದಾರೆ. ನಾವು ನೂರು ಹೇಳಿಕೆ ಕೊಟ್ಟರೂ ಜನರಿಗೆ ಅರ್ಥವಾಗದ್ದನ್ನು ನೀನು ಒಂದೇ ಕೈಸನ್ನೆಯಲ್ಲಿ ತಿಳಿಸಿಕೊಟ್ಟೆ. ಮುಂದಿನ ಋತುವಿನ ನಮ್ಮ ಕಿರುಹೊತ್ತಿಗೆಯಲ್ಲಿ ಆ ಚಿತ್ರವನ್ನು ಅಚ್ಚು ಹಾಕಿಸುತ್ತಿದ್ದೇವೆ.

ನಿನ್ನ ಜಾಗ ನಿನಗಾಗಿ ಹಾಗೆಯೇ ಇದೆ. ಸೋಮವಾರ ಬಂದು ಕೋಟು ತೆಗೆದುಕೊಳ್ಳತಕ್ಕದ್ದು.

ಕಾರ್ಯದರ್ಶಿ,
ಆಡಳಿತ ಮಂಡಳಿ


ಬಾಲ್ಟಿಮೋರ್
ಜೂನ್ 16, 1940

ಡೆಸ್ಸಿ,

ಇದರ ಜೊತೆ ಒಂದು ಕಾಗದ ಇಟ್ಟಿದ್ದೇನೆ, ಓದು. ಊರಲ್ಲಿ ನನ್ನನ್ನು ಇನ್ನೂ ಹೊಗಳೋರು ಅಂದರೆ ಇವರೊಬ್ಬರೇ!

ಸೋಮವಾರ ನಾನು ಹೋಗಲಿಲ್ಲ. ಮಂಗಳವಾರವೂ ಹೋಗಲಿಲ್ಲ. ಈಗ ಹಡಗುಕಟ್ಟೆ ಹತ್ತಿರ ಏಡಿ ಬೇಯಿಸುವ ಶೆಡ್‌ನಲ್ಲಿದ್ದೇನೆ. ಬೆಂದ ಏಡಿ ಒಡೆದು ಮಾಂಸ ಬಿಡಿಸೋ ಕೆಲಸ, ಸಾಮಾನ್ಯವಾಗಿ ಹೆಂಗಸರದ್ದು. ಬೆರಳೆಲ್ಲ ಗಾಯ. ಆದರೆ ಅಲ್ಲಿ ಬಾಗಿಲೇ ಇಲ್ಲ, ಮೂರು ಕಡೆ ಬಯಲು. ನಾನು ಹಾಲ್‌ಗೆ ವಾಪಸ್ ಹೋಗಲಿಲ್ಲ ಅಂತ ಶ್ರೀಮತಿ ಬೋರ್ಡ್ಲಿಗೆ ಹೇಳಿಕಳಿಸಿದೆ. "ಹಾಗಾ" ಅಂದಳಂತೆ.

ಅವಳ ಹಾಗಾ ಯಾರಿಗೆ ಬೇಕು. ನಿನಗೆ ಗೊತ್ತಿರಲಿ ಅಂತ ಬರೆದೆ. ಒಂದು ತಿಂಗಳಾಯ್ತು, ನಿನ್ನ ಒಂದು ಸಾಲಿಲ್ಲ. ಬೇಸಿಗೆ ರಜಕ್ಕೆ ಬರ್ತೀಯಲ್ಲ? ನಿನ್ನ ಮಂಚದ ಮೇಲಿನ ಹೊದಿಕೆ ಒಗೆದು ಹಾಕಿದ್ದೇನೆ.

ನಿನ್ನ ಅಪ್ಪ,
ಹೋಶೇಯ


ಓಹೈಯೊ
ಆಗಸ್ಟ್ 30, 1940

ಅಪ್ಪ,

ಬೇಸಿಗೆಯಲ್ಲಿ ಇಲ್ಲಿಯೇ ಗ್ರಂಥಾಲಯದಲ್ಲಿ ಕೆಲಸ ಸಿಕ್ಕಿತ್ತು, ಆದ್ದರಿಂದ ಬರಲಾಗಲಿಲ್ಲ. ನಿಮ್ಮ ಪತ್ರಗಳು ತಲುಪಿವೆ.

ಒಂದು ವಿಷಯ ತಿಳಿಸಬೇಕಾಗಿದೆ. ಆ ಚಿತ್ರವನ್ನು ಸಂಘದವರು ಗೋಡೆಗೆ ಅಂಟಿಸಿ, ಕೆಳಗೆ "ಗುಲಾಮಗಿರಿ ಹೀಗಿರುತ್ತದೆ" ಎಂದು ಬರೆದಿದ್ದಾರೆ. ನಾನು ದಿನಾ ಅದರ ಕೆಳಗೆ ಓಡಾಡುತ್ತೇನೆ. ಅದು ಯಾರೆಂದು ಯಾರಿಗೂ ಗೊತ್ತಿಲ್ಲ. ರುತ್ ಒಂದು ದಿನ ಅದರ ಮುಂದೆ ಬಹಳ ಹೊತ್ತು ನಿಂತಿದ್ದಳು, ಆದರೆ ಏನೂ ಕೇಳಲಿಲ್ಲ.

ಈಗ ಅಕ್ಟೋಬರಿನಲ್ಲಿ ಮಿಸ್ ಪೆಟಿಫರ್ಡ್ ಗೌರವಾರ್ಥ ಒಂದು ಸಂಜೆ ಏರ್ಪಡಿಸಿದ್ದಾರೆ. ಅದರಲ್ಲಿ ನಾನು ಹಾಡಬೇಕಂತೆ. ಎಲ್ಡರ್ಟನ್ ಹಾಲ್ ಬಿಟ್ಟುಬಂದ ನನ್ನ ತಂದೆಯನ್ನು ಕರೆಸಿ ಸನ್ಮಾನ ಮಾಡಬೇಕಂತೆ. ರೈಲಿನ ಟಿಕೆಟ್ ಕೂಡ ಕಳಿಸುವರಂತೆ.

ನೀವು ಬರಬಾರದು. ನಿಮ್ಮನ್ನು ನೋಡಿದ ಕೂಡಲೇ ಅವರು ಗೋಡೆಯ ಕಡೆ ತಿರುಗುತ್ತಾರೆ. ನಾನು ಇಲ್ಲಿ ಇನ್ನೂ ಎರಡು ವರ್ಷ ಇರಬೇಕು. ಏನಾದರೂ ಕಾರಣ ಹೇಳಿ ತಪ್ಪಿಸುತ್ತೇನೆ. ದಯವಿಟ್ಟು ಅರ್ಥ ಮಾಡಿಕೊಳ್ಳಿ.

ಒಡೆಸ್ಸಾ


ಬಾಲ್ಟಿಮೋರ್
ಸೆಪ್ಟೆಂಬರ್ 8, 1940

ಡೆಸ್ಸಿ,

ಬರಲ್ಲ. ಹೆದರಬೇಡ.

"ನೀವು" ಅಂತ ಬರೆದಿದ್ದೀಯ. ಹಾಲ್‌ನ ಮ್ಯಾನೇಜರ್ ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನ ನನ್ನನ್ನು ನೀವು ಅನ್ನಲಿಲ್ಲ, ನಾನದಕ್ಕೆ ಅಳಲಿಲ್ಲ. ನಿನ್ನ ಕಾಗದ ಓದಿ ಅತ್ತುಬಿಟ್ಟೆ ಕಣೇ. ಶೆಡ್‌ನ ಹೆಂಗಸರು ಏಡಿಗೆ ಹಾಕೋ ಮೆಣಸಿನ ಪುಡಿ ಕಣ್ಣಿಗೆ ಬಿತ್ತೇನೋ ಅಂದುಕೊಂಡು ನೀರು ತಂದುಕೊಟ್ಟರು.

ಹೋಗಲಿ ಬಿಡು. ಕಾರಣ ಏನು ಹೇಳಿದೆ ಅಂತ ಮಾತ್ರ ತಿಳಿಸು. ಯಾರಾದರೂ ಕೇಳಿದರೆ ನಾನೂ ಅದನ್ನೇ ಹೇಳಬೇಕಲ್ಲ.

ಎರಡು ಹೊತ್ತಾದರೂ ಬಿಸಿ ಊಟ ಮಾಡು.

ನಿನ್ನ ಅಪ್ಪ,
ಹೋಶೇಯ


ವಿದ್ಯಾರ್ಥಿ ನ್ಯಾಯ ಸಂಘ, ಓಹೈಯೊ
ಅಕ್ಟೋಬರ್ 14, 1940

ದಿವಂಗತ ಹೋಶೇಯ ಟಿಲ್‌ಮನ್ ಅವರ ಕುಟುಂಬದವರಿಗೆ,

ಗೌರವಪೂರ್ವಕ ವಂದನೆಗಳು. ನಾನು ಒಡೆಸ್ಸಾಳ ಕೋಣೆಯ ಗೆಳತಿ. ಅವಳ ತಂದೆ ಕಳೆದ ತಿಂಗಳು ಎದೆನೋವಿನಿಂದ ತೀರಿಕೊಂಡರೆಂದು ಅವಳಿಂದ ತಿಳಿದು ನಮಗೆಲ್ಲ ತುಂಬ ದುಃಖವಾಯಿತು. ಈ ವಿಳಾಸವನ್ನು ಅವಳ ಮೇಜಿನ ಮೇಲಿದ್ದ ಹಳೆಯ ಲಕೋಟೆಯಿಂದ ಬರೆದುಕೊಂಡೆ. ಅವಳಿಗೆ ಹೇಳಿಲ್ಲ, ಅವಳು ಆ ವಿಷಯ ಎತ್ತಿದರೇ ಎದ್ದು ಹೋಗುತ್ತಾಳೆ.

ಶನಿವಾರದ ಸಭೆಯಲ್ಲಿ ಮುನ್ನೂರು ಜನ ಎದ್ದು ನಿಂತು ಎರಡು ನಿಮಿಷ ಮೌನ ಆಚರಿಸಿದೆವು. ಒಡೆಸ್ಸಾ ತಂದೆಯ ನೆನಪಿಗಾಗಿ ಹಾಡಿದಳು. ಅಷ್ಟು ಚೆನ್ನಾಗಿ ಅವಳು ಎಂದೂ ಹಾಡಿರಲಿಲ್ಲ. ನಮ್ಮ ಗೋಡೆಯ ಮೇಲೆ ಒಂದು ಚಿತ್ರವಿದೆ: ತನ್ನ ಜನರನ್ನೇ ಹಿಂದಕ್ಕೆ ಕಳಿಸುತ್ತಿರುವ ಒಬ್ಬ ಹೇಡಿಯದು. ನಮ್ಮ ಅಧ್ಯಕ್ಷರು ಅದನ್ನು ತೋರಿಸಿ, "ಅಂಥವರೂ ಇರುತ್ತಾರೆ, ಹೋಶೇಯ ಟಿಲ್‌ಮನ್ ಅಂಥವರೂ ಇರುತ್ತಾರೆ" ಎಂದರು. ಸಭೆಯ ಸಂತಾಪ ನಿರ್ಣಯವನ್ನು ಇದರೊಂದಿಗೆ ಕಳಿಸಿದ್ದೇನೆ.

ಅಂಥ ತಂದೆಯನ್ನು ಪಡೆದ ಒಡೆಸ್ಸಾ ಪುಣ್ಯವಂತೆ.

ತಮ್ಮ ವಿಶ್ವಾಸಿ,
ರುತ್ ಆಲ್ಬ್ರೆಕ್ಟ್


ಬಾಲ್ಟಿಮೋರ್
ಅಕ್ಟೋಬರ್ 21, 1940

ಡೆಸ್ಸಿ,

ಕಾರಣ ತಿಳಿಸು ಅಂದಿದ್ದೆ. ನೀನು ತಿಳಿಸಲಿಲ್ಲ, ನಿನ್ನ ಗೆಳತಿ ತಿಳಿಸಿದಳು. ಎದೆನೋವಂತೆ. ಪರವಾಗಿಲ್ಲ, ಬೇಗ ಮುಗಿಯೋ ಕಾಯಿಲೆ, ನರಳಿಸಲಿಲ್ಲ ನೀನು.

ನನ್ನ ಬಗ್ಗೆ ಇಷ್ಟು ಒಳ್ಳೆ ಮಾತು ನಾನು ಬದುಕಿದ್ದಾಗ ಕೇಳಿರಲಿಲ್ಲ. ಮುನ್ನೂರು ಜನ ಎದ್ದು ನಿಂತರಂತೆ! ಇಲ್ಲಿ ನಾನು ಚರ್ಚಿನ ಬೆಂಚಿನಲ್ಲಿ ಕೂತರೆ ಪಕ್ಕದವರು ಎದ್ದು ಹೋಗ್ತಾರೆ. ನಿರ್ಣಯವನ್ನು ಮಿಸ್ ಹ್ಯಾಟಿಗೆ ತೋರಿಸಲಿಲ್ಲ. ತೋರಿಸಿದರೆ ಅವಳು ಮೊದಲನೇ ಗಾಡಿ ಹತ್ತಿ ಬಂದು ನಿನ್ನ ಕೆನ್ನೆಗೆ ಬಾರಿಸುತ್ತಾಳೆ. ಬಾರಿಸಲಿ ಅಂತ ನನಗೂ ಒಂದು ಕ್ಷಣ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ರೈಲು ಹತ್ತಿ ಬಂದು, ಆ ಗೋಡೆ ಮುಂದೆ ನಿಂತು, ಇಬ್ಬರೂ ನಾನೇ ಕಣ್ರಯ್ಯಾ, ಕೆಲಸ ಬಿಟ್ಟವನೂ ನಾನೇ, ಕೈ ತೋರಿಸಿದವನೂ ನಾನೇ ಅಂತ ಕೂಗಿಬಿಡೋಣ ಅಂತಲೂ ಅನ್ನಿಸಿತು. ಸ್ಟೇಷನ್ ತನಕ ಹೋಗಿದ್ದೆ. ವಾಪಸ್ ಬಂದೆ. ಅಷ್ಟು ಚೆನ್ನಾಗಿ ಹಾಡಿದೆಯಂತೆ ನೀನು, ಕೆಡಿಸೋದು ಯಾಕೆ.

ಆ ಹುಡುಗಿಗೆ ಉತ್ತರ ಹಾಕದಿದ್ದರೆ ಅನುಮಾನ ಬರುತ್ತೆ. ಹಾಕಿದ್ದೇನೆ. ನೀನೂ ಅದೇ ಕಥೆ ಹೇಳಬೇಕಲ್ಲ, ಅದಕ್ಕೆ ನಕಲು ಇಲ್ಲಿ ಬರೀತೀನಿ:

"ಮಿಸ್ ಆಲ್ಬ್ರೆಕ್ಟ್ ಅವರಿಗೆ. ನಿಮ್ಮ ಪತ್ರ ತಲುಪಿತು. ನಾನು ಹೋಶೇಯನ ಅಣ್ಣ. ಹೌದು, ತೀರಿಕೊಂಡ. ಮಣ್ಣು ಮಾಡಿದ್ದಾಯ್ತು, ಹೆಚ್ಚು ಜನ ಬಂದಿರಲಿಲ್ಲ. ಮಗಳನ್ನು ಕರೆಸುವಷ್ಟು ಹೊತ್ತಿರಲಿಲ್ಲ, ಅದರಲ್ಲಿ ಅವಳ ತಪ್ಪಿಲ್ಲ. ಅವನು ನೀವು ತಿಳಿದಷ್ಟು ದೊಡ್ಡ ಮನುಷ್ಯನಲ್ಲ, ಗೋಡೆಯ ಮೇಲಿನವನಷ್ಟು ಕೆಟ್ಟವನೂ ಇರಲಾರ. ಒಡೆಸ್ಸಾ ಹಾಡುವ ಮುಂಚೆ ಏನೂ ತಿನ್ನುವುದಿಲ್ಲ. ಹತ್ತಿರ ಕೂತು ಸ್ವಲ್ಪ ತಿನ್ನಿಸಿ. ಅವಳ ಅಪ್ಪ ಹಾಗೆ ಮಾಡುತ್ತಿದ್ದ. ಆಮೋಸ ಟಿಲ್‌ಮನ್."

ಆಮೋಸ ನಿಜವಾಗಿ ನಮ್ಮಣ್ಣ. ನೀನು ಹುಟ್ಟುವ ಎಷ್ಟೋ ವರ್ಷ ಮೊದಲೇ ಸಿಂಪಿಚಿಪ್ಪು ತೆಗೆಯುವ ದೋಣಿಯಿಂದ ಬಿದ್ದು ಮುಳುಗಿಹೋದ, ಹತ್ತೊಂಬತ್ತು ವರ್ಷ ಅವನಿಗೆ. ಅವನ ಹೆಸರು ಯಾರೂ ಉಪಯೋಗಿಸ್ತಾ ಇರಲಿಲ್ಲ, ನಾನು ತಗೊಂಡೆ. ಕೈಬರಹ ಒಂದೇ ಥರ ಇದೆಯಲ್ಲ ಅಂತ ಆ ಹುಡುಗಿ ಕೇಳಿದರೆ, ಅಣ್ಣತಮ್ಮ ಇಬ್ಬರೂ ಒಂದೇ ಮಾಸ್ತರ ಹತ್ತಿರ ಕಲಿತರು ಅನ್ನು.

ಕ್ರಿಸ್‌ಮಸ್ಸಿಗೆ ಮನೆಗೆ ಬರಬೇಡ. ಅಪ್ಪ ಸತ್ತವಳು ನಗುನಗುತ್ತ ಊರಿಗೆ ಹೊರಟರೆ ಅಲ್ಲಿಯವರು ಏನಂದುಕೊಳ್ಳುತ್ತಾರೆ? ನಿನ್ನ ಹಾಡಿನ ಪುಸ್ತಕಗಳನ್ನು ಬೇರೆ ಕಟ್ಟು ಕಟ್ಟಿ ಕಳಿಸಿದ್ದೇನೆ, ಚಳಿಕೋಟೂ ಅದರಲ್ಲೇ ಇದೆ. ಮುಂದೆ ಕಾಗದ ಬರೆಯುವುದಾದರೆ ಲಕೋಟೆಯ ಮೇಲೆ ಸರಿಯಾದ ಹೆಸರು ಹಾಕು.

ನಿನ್ನ ದೊಡ್ಡಪ್ಪ,
ಆಮೋಸ